ಬೆಂಗಳೂರಿನಿಂದ ಲಂಡನ್‌ಗೆ: ದೂರ ಎಷ್ಟು, ಹೊತ್ತು ಎಷ್ಟು?

ಕೆಂಪೇಗೌಡ ವಿಮಾನ ನಿಲ್ದಾಣದಿಂದ ಲಂಡನ್ನಿನ ಹೀಥ್ರೂಗೆ ಆಕಾಶದಲ್ಲಿ ಅತಿ ಹತ್ತಿರದ ದಾರಿ ಸುಮಾರು 8,050 ಕಿ.ಮೀ. ನೇರ ವಿಮಾನಕ್ಕೆ ಇದು 10–11 ಗಂಟೆಯ ಹಾರಾಟ. ಆದರೆ ಪ್ರಯಾಣದ ಯೋಜನೆ ಹಾಕುವಾಗ ಮನೆ ಬಾಗಿಲಿನಿಂದ ಲಂಡನ್ನಿನ ಕೋಣೆಯವರೆಗೆ ಲೆಕ್ಕ ಹಿಡಿಯಿರಿ. ನಿಲ್ದಾಣಕ್ಕೆ ಎರಡು ಗಂಟೆ, ಚೆಕ್‌ಇನ್ ಮತ್ತು ತಪಾಸಣೆಗೆ ಮೂರು, ಇಳಿದ ಮೇಲೆ ಇಮಿಗ್ರೇಷನ್ ಮತ್ತು ನಗರ ಪ್ರಯಾಣಕ್ಕೆ ಎರಡು. ಹಾರಾಟವೂ ಸೇರಿ ಒಟ್ಟು 17–18 ಗಂಟೆ.

ಹೋಗುವಾಗ ಹೆಚ್ಚು, ಬರುವಾಗ ಕಡಿಮೆ

ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನು ತಳ್ಳುತ್ತದೆ. ಹೀಗಾಗಿ ವಾಪಸಾಗುವಾಗ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಉಳಿಯುತ್ತದೆ. ಯಾವುದಾದರೂ ದೇಶದ ವಾಯುಪ್ರದೇಶ ಮುಚ್ಚಿದರೆ ವಿಮಾನಗಳು ಸುತ್ತಿ ಹೋಗಬೇಕಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಆದದ್ದು ಇದೇ. ಹೊರಡುವ ಹಿಂದಿನ ದಿನ ಸಮಯವನ್ನು ಇನ್ನೊಮ್ಮೆ ನೋಡಿಕೊಳ್ಳಿ.

ನೇರವೋ, ದುಬೈ ಮೇಲೋ?

ದುಬೈ ಮೂಲಕ ಹೋದರೆ 2,700 ಮತ್ತು 5,500, ಒಟ್ಟು 8,200 ಕಿ.ಮೀ. ಹೆಚ್ಚಾಗುವ ದೂರ ಕೇವಲ 150 ಕಿ.ಮೀ.! ಹೊತ್ತು ಹಿಡಿಯುವುದು ನಡುವಿನ ಕಾಯುವಿಕೆ. ಎರಡೂವರೆ–ಮೂರು ಗಂಟೆಯ ಬಿಡುವಿದ್ದರೆ ದರ ಕಡಿಮೆ ಇರುವ ಟಿಕೆಟ್ ಧೈರ್ಯವಾಗಿ ಕೊಳ್ಳಿ. ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿರಲಿ. ಮೊದಲನೆಯದು ತಡವಾದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಆಗ ಸಂಸ್ಥೆಯದ್ದು. ವಯಸ್ಸಾದ ಅಪ್ಪ ಅಮ್ಮ ತಾವಿಬ್ಬರೇ ಹೊರಟಿದ್ದರೆ ಮಾತ್ರ ನೇರ ವಿಮಾನವೇ ಇರಲಿ, ಗಾಲಿಕುರ್ಚಿಯನ್ನೂ ಮೊದಲೇ ಕೇಳಿಡಿ.

ಗಡಿಯಾರದ ಲೆಕ್ಕ

ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಉಳಿದ ತಿಂಗಳುಗಳಲ್ಲಿ ಐದೂವರೆ. ಜುಲೈನಲ್ಲಿ ಬೆಳಿಗ್ಗೆ 7ಕ್ಕೆ ಹೊರಟು 11 ಗಂಟೆ ಹಾರಿದರೆ ಅಲ್ಲಿ ಮಧ್ಯಾಹ್ನ 1.30. ವಾಪಸು ಸಂಜೆ 4ಕ್ಕೆ ಹೊರಟರೆ ಇಲ್ಲಿ ಇಳಿಯುವುದು ಮಾರನೆಯ ಬೆಳಿಗ್ಗೆ 6.30ರ ಸುಮಾರಿಗೆ. ರಜೆಯ ಅರ್ಜಿಯಲ್ಲಿ ಆ ದಿನವನ್ನೂ ಸೇರಿಸಿ.

ಚೀಲ ಕಟ್ಟುವ ಮುನ್ನ

ಧಾರವಾಡ ಪೇಡದಂಥ ಹಾಲಿನ ಸಿಹಿ, ತುಪ್ಪ, ಮಾಂಸ ಬ್ರಿಟನ್ನಿನೊಳಗೆ ಒಯ್ಯುವಂತಿಲ್ಲ. ಹಸಿ ಕರಿಬೇವನ್ನೂ ಬಿಟ್ಟುಹೋಗಿ. ಚಟ್ನಿಪುಡಿ, ಸಾರಿನಪುಡಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಇಳಿದ ದಿನ

ಹೀಥ್ರೂದಿಂದ ನಗರದ ನಡುವಿಗೆ ಎಲಿಜಬೆತ್ ಲೈನ್ ಬೇಗ ತಲುಪಿಸುತ್ತದೆ, ಪಿಕಡಿಲಿ ಲೈನ್ ಅಗ್ಗ ಆದರೆ ಒಂದು ಗಂಟೆಯ ದಾರಿ. ಕೋಣೆ ಸೇರಿದ ಕೂಡಲೇ ಮಲಗಬೇಡಿ. ಬೆಳಕಿರುವಾಗ ನಡೆದಾಡಿದರೆ ದೇಹ ಅಲ್ಲಿನ ವೇಳೆಗೆ ಬೇಗ ಒಗ್ಗುತ್ತದೆ. ಥೇಮ್ಸ್ ದಂಡೆಯ ಲ್ಯಾಂಬೆತ್‌ನಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪುತ್ಥಳಿಯಿದೆ. ಮೊದಲ ಸಂಜೆಯ ನಡಿಗೆಗೆ ಅದು ಒಳ್ಳೆಯ ತಾಣ. ರಾತ್ರಿ 9ರವರೆಗೆ ಎಚ್ಚರವಿದ್ದು ಮಲಗಿದರೆ ಮರುದಿನ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ.