ಅಂಕಿಯೂ ಒಂದು ಅಕ್ಷರವೇ

ಹೋದ ವರ್ಷ ನಮ್ಮ ಸಂಘದ ಚಂದಾ ಲೆಕ್ಕಕ್ಕೆ ನಾನೊಂದು ಪ್ರೋಗ್ರಾಂ ಬರೆದೆ. ಇಲ್ಲಿ ದೆಹಲಿಯಲ್ಲೇ ಬೆಳೆದ ಹುಡುಗರೆಲ್ಲ 250 ಎಂದು ಬರೆದು ಕಳಿಸಿದ್ದರು. ಧಾರವಾಡದ ಕಡೆಯ ಹಿರಿಯರೊಬ್ಬರು ಮಾತ್ರ ಅಚ್ಚುಕಟ್ಟಾಗಿ ೨೫೦ ಎಂದಿದ್ದರು. ಪ್ರೋಗ್ರಾಂ ಅವರ ಹೆಸರಿಗೆ 3,61,444 ರೂಪಾಯಿ ಜಮಾ ಮಾಡಿತು! ನಾನು ನೋಡದೆ ಪಟ್ಟಿಯನ್ನು ಗೋಡೆಗೆ ಅಂಟಿಸಿದೆ. ಭಾನುವಾರ ಸಭೆಗೆ ಬಂದವರು, "ತಮ್ಮಾ, ಇಷ್ಟ ರೊಕ್ಕ ನಾ ಯಾವಾಗ ಕೊಟ್ಟೆನಪಾ?" ಅಂದರು. ನಾನು ತಲೆ ತಗ್ಗಿಸಿದೆ.

ತಪ್ಪು ಎಲ್ಲಿತ್ತು ನೋಡಿ. ನಾವು ಟೈಪು ಮಾಡಿದ '2' ಕಂಪ್ಯೂಟರಿಗೆ ಎರಡಲ್ಲ, ಬರೀ ಒಂದು ಅಕ್ಷರ. ಅದರ ಸಂಕೇತಸಂಖ್ಯೆ 50. ಸೊನ್ನೆಯದು 48. ಕಳೆದರೆ ಉಳಿಯುವ 2 ಅದರ ಬೆಲೆ. ಆಮೇಲೆ ಎಡದಿಂದ ಹೊರಡಬೇಕು: ಕೈಯಲ್ಲಿ ಸೊನ್ನೆ, ಒಂದೊಂದು ಅಂಕಿ ಸಿಕ್ಕಾಗಲೂ ಕೈಯಲ್ಲಿದ್ದದ್ದನ್ನು ಹತ್ತರಿಂದ ಗುಣಿಸಿ ಹೊಸದನ್ನು ಕೂಡಿಸುವುದು. 2, 25, 250. ಇಷ್ಟೇ!

ಆದರೆ ಯೂನಿಕೋಡಿನಲ್ಲಿ ಕನ್ನಡದ ಸೊನ್ನೆ 3302, ೨ ಎಂಬುದು 3304, ೫ ಎಂಬುದು 3307. ನಾನು ಕಣ್ಣು ಮುಚ್ಚಿ 48 ಕಳೆದಿದ್ದೆ. 3256, 3259, 3254 ಉಳಿದವು. ಅವನ್ನು ಹತ್ತರಂತೆ ಗುಣಿಸುತ್ತ ಕೂಡಿಸಿದರೆ ಆ ಮೂರು ಲಕ್ಷ ಚಿಲ್ಲರೆ! ಕಳೆಯಬೇಕಾದ್ದು ಆಯಾ ಲಿಪಿಯ ಸೊನ್ನೆಯನ್ನು. ದೇವನಾಗರಿಯದು 2406, ದೆಹಲಿಯಲ್ಲಿ ಅದೂ ಬಂದೇ ಬರುತ್ತದೆ. ಇದೇ ಊರಿನ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಹೊರತಂದ ಇಸ್ಕಿ ಸಂಕೇತದಲ್ಲಿ ಕನ್ನಡಕ್ಕೂ ದೇವನಾಗರಿಗೂ ಸೊನ್ನೆ ಒಂದೇ, 241. ಆ ಕಾಲವಾಗಿದ್ದರೆ ನನಗೆ ಒಂದು ತಲೆನೋವು ಕಮ್ಮಿ.

ಪೈಥಾನ್, ಜಾವಾಗಳ ಸಿದ್ಧ ಪರಿವರ್ತಕಗಳಿಗೆ ೨೫೦ ತಿಳಿಯುತ್ತದೆ. ನಾನು ಕಲಿಯಲೆಂದು ಕೈಯಾರೆ ಬರೆಯಹೊರಟವ, ಅನುಭವಿಸಿದೆ.

ಇನ್ನೊಂದು ಮಾತು. ಟೆಲಿಫೋನಿನ 011ನ್ನು ಹೀಗೆ ಸಂಖ್ಯೆ ಮಾಡಿದರೆ 11 ಆಗಿ ದೆಹಲಿಯೇ ಕಳೆದುಹೋಗುತ್ತದೆ. ಅದನ್ನು ಅಕ್ಷರಸಾಲಾಗಿಯೇ ಬಿಡಿ.

ಈಗ ನನ್ನ ಪ್ರೋಗ್ರಾಂ ಮೊದಲ ಅಂಕಿ ಯಾವ ಲಿಪಿಯದೆಂದು ನೋಡಿ ಅದರ ಸೊನ್ನೆಯನ್ನು ಹಿಡಿಯುತ್ತದೆ. ಕಳೆದ ಮೇಲೆ ಉಳಿದದ್ದು 0ಯಿಂದ 9ರ ಒಳಗಿಲ್ಲದಿದ್ದರೆ ಅಲ್ಲೇ ನಿಂತು ನನ್ನನ್ನು ಕರೆಯುತ್ತದೆ. ಮೊನ್ನೆ ಯಾರೋ ೨5೦ ಎಂದು ಕಳಿಸಿದ್ದರು, ನಿಂತಿತು. ಯಾರೆಂದು ಹೇಳುವುದಿಲ್ಲ, ಈ ಸಲ ಪಟ್ಟಿ ಅಂಟಿಸುವ ಮೊದಲೇ ಕೇಳಿ ತಿದ್ದಿಕೊಂಡೆ.