ಬಸವರಾಜ ಕಟ್ಟೀಮನಿಯವರ ಕಾದಂಬರಿ ಮಾರ್ಗ

ಬೆಳಗಾವಿ ಸೀಮೆಯ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಜನಿಸಿ, 1989ರಲ್ಲಿ ದಿವಂಗತರಾದ ಶ್ರೀ ಬಸವರಾಜ ಕಟ್ಟೀಮನಿಯವರು ಪತ್ರಿಕೋದ್ಯೋಗ, ಕಾದಂಬರಿ ಎರಡನ್ನೂ ಬಾಳಿನುದ್ದಕ್ಕೂ ಹೊತ್ತು ನಡೆದವರು. 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡರು, ಪತ್ರಿಕೆಗಳಲ್ಲಿ ದುಡಿದರು, ಅ.ನ.ಕೃ., ತ.ರಾ.ಸು., ನಿರಂಜನ ಮೊದಲಾದವರೊಡನೆ ಪ್ರಗತಿಶೀಲ ಪಂಥದ ಪ್ರಮುಖರೆನಿಸಿದರು. 1980ರ ಬೆಳಗಾವಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವೂ ಅವರಿಗೆ ಸಂದಿತು.

ಆದರೆ ಇಲ್ಲಿ ಒಂದು ಶಂಕೆ ಸಹಜವಾಗಿಯೇ ಏಳುತ್ತದೆ. 'ಮೋಹದ ಬಲೆಯಲ್ಲಿ', 'ಜರತಾರಿ ಜಗದ್ಗುರು' ಎಂಬ ಕೃತಿಗಳಲ್ಲಿ ಮಠಗಳ ಒಳಬಾಳನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದ ಲೇಖಕರನ್ನು ಮಠದ ಆಶ್ರಯದಲ್ಲಿರುವ ಶಾಲೆಯ ಸಂಚಿಕೆಯಲ್ಲಿ ಗೌರವಿಸುವುದು ಉಚಿತವೇ? ಉಚಿತವೆಂದೇ ನನ್ನ ಅಭಿಮತ. ಎರಡನೆಯ ಕೃತಿಯ ಹೆಸರನ್ನೇ ವ್ಯಾಕರಣದೃಷ್ಟಿಯಿಂದ ನೋಡೋಣ. ನಿಂದೆಯ ಭಾರವೆಲ್ಲ ಬಿದ್ದಿರುವುದು 'ಜರತಾರಿ' ಎಂಬ ವಿಶೇಷಣದ ಮೇಲೆ. 'ಜಗದ್ಗುರು' ಎಂಬ ವಿಶೇಷ್ಯದ ಮೇಲಲ್ಲ. ಕಾವಿಯುಡಬೇಕಾದ ಮೈಗೆ ಜರಿಯಂಚು ಬಂದುದೇಕೆಂದು ಕೇಳುವವನು ಕಾವಿಯ ಬೆಲೆಯನ್ನು ಬಲ್ಲವನೇ ಆಗಿರುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ಡಂಭಾಚಾರವನ್ನು ಕಂಡಲ್ಲಿ ತಮ್ಮವರು, ಅನ್ಯರು ಎಂಬ ಭೇದವೆಣಿಸಲಿಲ್ಲ. ಆ ವಚನಗಳನ್ನು ತರಗತಿಯಲ್ಲಿ ಬಾಯಿಪಾಠ ಮಾಡಿಸುವ ನಾವು ಕಟ್ಟೀಮನಿಯವರ ಪುಸ್ತಕವನ್ನು ಮಾತ್ರ ಕಪಾಟಿನ ಹಿಂದೆ ಸರಿಸಿದರೆ, ವಿದ್ಯಾರ್ಥಿಗಳು ಅದನ್ನು ಗಮನಿಸದೆ ಇರಲಾರರು.

ಇನ್ನು ಶೈಲಿಯ ವಿಚಾರ. ಪತ್ರಿಕೆಯವನಿಗೆ ಅಲಂಕಾರಕ್ಕೆ ಬಿಡುವಿಲ್ಲ. ನಾಳೆಯ ಬೆಳಗಿಗೆ ಓದುಗನ ಕೈಗೆ ಸುದ್ದಿ ಮುಟ್ಟಬೇಕು. ಅವರ ಗದ್ಯಕ್ಕೆ ಬಂದ ನೇರ ನಡೆ, ವೇಗ, ದೀರ್ಘಸಮಾಸಗಳ ಬಗೆಗಿನ ನಿರ್ಲಕ್ಷ್ಯ ಇವೆಲ್ಲವೂ ಆ ದುಡಿಮೆಯ ಫಲ. ಹಳಗನ್ನಡ ಕಾವ್ಯಗಳಲ್ಲಿ ಪಳಗಿದ ನಮ್ಮಂಥವರಿಗೆ ಇದು ಮೊದಲು ಬರಿದೆನಿಸಬಹುದು. ಆದರೆ ಕ್ಷೇಮೇಂದ್ರನು ಹೇಳುವ ಔಚಿತ್ಯವನ್ನು ನೆನೆದರೆ, ಬಡವರ ಬವಣೆಗೆ ಆ ಮಾತೇ ತಕ್ಕುದೆಂದು ಒಪ್ಪಬೇಕಾಗುತ್ತದೆ. ದೋಷವೂ ಇಲ್ಲದಿಲ್ಲ. ಆವೇಶವೇರಿದಾಗ ಪಾತ್ರ ಹಿಂದೆ ಸರಿದು ಲೇಖಕರೇ ಮಾತಿಗೆ ನಿಲ್ಲುತ್ತಾರೆ. ಕೆಟ್ಟವರು ತೀರ ಕೆಟ್ಟವರಾಗಿಬಿಡುತ್ತಾರೆ. ಹತ್ತಾರು ಕಾದಂಬರಿಗಳನ್ನು ಬರೆದ ಲೇಖನಿಗೆ ತಿದ್ದುವ ಪುರಸೊತ್ತು ಸಾಲದಾಯಿತೇನೋ.

'ಜ್ವಾಲಾಮುಖಿಯ ಮೇಲೆ' ಕಾದಂಬರಿಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು. ಅದರ ವಸ್ತು ಮುದ್ರಣಾಲಯ, ಪತ್ರಿಕಾಲಯಗಳಲ್ಲಿ ದುಡಿಯುವವರ ಬದುಕು. ಲೋಕದ ಅನ್ಯಾಯವನ್ನು ಅಚ್ಚುಹಾಕುವ ಮನೆಯೊಳಗಿನ ಅನ್ಯಾಯವನ್ನು ಅಚ್ಚಿಗೆ ತಂದುದು ಸಣ್ಣ ಧೈರ್ಯವಲ್ಲ. ಅನ್ನವಿಕ್ಕುವ ಕಸುಬನ್ನೇ ಅಲ್ಲಿ ಅವರು ಪರೀಕ್ಷೆಗೊಡ್ಡಿದ್ದಾರೆ.

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಮೊದಲು 'ಮಾಡಿ ಮಡಿದವರು' ಕೊಡುವುದು ಲೇಸು. 1942ರ ಹೋರಾಟದಲ್ಲಿ ನಮ್ಮ ನಾಡಿನ ಹಳ್ಳಿಗರು ತೆತ್ತ ಬೆಲೆ ಅದರಲ್ಲಿದೆ. 1974ರಲ್ಲಿ ಅದು ಚಲನಚಿತ್ರವೂ ಆಯಿತು. ಮಠಗಳನ್ನು ಕುರಿತ ಕೃತಿಗಳನ್ನು ಕಾಲೇಜು ಸೇರಿದ ಮೇಲೆ ಓದಲಿ, ಆದರೆ ನಮ್ಮ ಗ್ರಂಥಾಲಯದಿಂದಲೇ ಒಯ್ದು ಓದಲಿ.