ದೀಪಾವಳಿ ಬೋನಸ್ಸಿಗೂ ತೆರಿಗೆಯ ಲೆಕ್ಕ

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ರಾಬರ್ಟ್‌ಸನ್‌ಪೇಟೆಯ ಅನೇಕರು ರೈಲಿನಲ್ಲಿ ಬೆಂಗಳೂರಿನ ಕೆಲಸಗಳಿಗೆ ಹೋಗಿಬರುತ್ತಿದ್ದಾರೆ. ಅನುಭವಿ ನೌಕರರನ್ನು ಊರಿನಲ್ಲಿಯೇ ಉಳಿಸಿಕೊಳ್ಳಲು ಉದಾರವಾಗಿ ಬೋನಸ್ ನೀಡುವ ಉದ್ದಿಮೆದಾರರು ಅದರ ತೆರಿಗೆಯನ್ನೂ ಮೊದಲೇ ಲೆಕ್ಕಹಾಕುವುದು ಅಗತ್ಯ. ಕಾನೂನಿನ ದೃಷ್ಟಿಯಲ್ಲಿ ಬೋನಸ್ ಕೊಡುಗೆಯಲ್ಲ, ವೇತನವೇ.

ಉದಾಹರಣೆಗೆ, 2025-26ನೇ ಹಣಕಾಸು ವರ್ಷದಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿದ್ದ ವ್ಯವಸ್ಥಾಪಕರೊಬ್ಬರ ವಾರ್ಷಿಕ ವೇತನ ರೂ. 12,60,000 ಎಂದಿಟ್ಟುಕೊಳ್ಳೋಣ. ಪ್ರಮಾಣಿತ ಕಡಿತ ರೂ. 75,000 ಕಳೆದರೆ ಉಳಿಯುವುದು ರೂ. 11,85,000. ಇದು 12 ಲಕ್ಷದ ಮಿತಿಯೊಳಗಿರುವುದರಿಂದ ತೆರಿಗೆಯಿಲ್ಲ. ಅಕ್ಟೋಬರಿನಲ್ಲಿ ರೂ. 1,50,000 ಬೋನಸ್ ಸೇರಿದರೆ ಆದಾಯ ರೂ. 13,35,000 ಆಗಿ, ರಿಯಾಯಿತಿ ಕೈತಪ್ಪುತ್ತದೆ.

ತೆರಿಗೆಯ ವಿವರ ಹೀಗಿದೆ:
4ರಿಂದ 8 ಲಕ್ಷದವರೆಗೆ ಶೇ. 5: ರೂ. 20,000
8ರಿಂದ 12 ಲಕ್ಷದವರೆಗೆ ಶೇ. 10: ರೂ. 40,000
ಉಳಿದ ರೂ. 1,35,000ಕ್ಕೆ ಶೇ. 15: ರೂ. 20,250
ಶೇ. 4 ಸೆಸ್: ರೂ. 3,210
ಒಟ್ಟು: ರೂ. 83,460

ಬೋನಸ್ಸಿನ ಅರ್ಧಕ್ಕಿಂತ ಹೆಚ್ಚು ಭಾಗ ತೆರಿಗೆಗೇ ಸಲ್ಲುತ್ತದೆ. ಇಡೀ ಮೊತ್ತವನ್ನು ಮಾರ್ಚಿನಲ್ಲಿ ಕಡಿತಗೊಳಿಸಿದರೆ, ಆ ತಿಂಗಳ ರೂ. 1,05,000 ವೇತನದಲ್ಲಿ ಕೈಗೆ ಬರುವುದು ರೂ. 21,540 ಮಾತ್ರ. ಅಕ್ಟೋಬರಿನಿಂದಲೇ ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ ರೂ. 13,910 ಆಗುತ್ತದೆ.

ಮೂಲದಲ್ಲಿ ತೆರಿಗೆ ಕಡಿತಗೊಳಿಸುವ ಹೊಣೆ ಮಾಲೀಕರದು. ತಪ್ಪಿದರೆ ಅವರೇ ಬಡ್ಡಿ ತೆರಬೇಕಾಗುತ್ತದೆ. ಕಡಿತ ಸಾಲದೆ ಬಾಕಿ ಉಳಿದರೆ, ನೌಕರರು ಬಡ್ಡಿ ಬೆಳೆಯುವ ಮುನ್ನ ಅದನ್ನು ಸ್ವತಃ ಪಾವತಿಸಿ ವಿವರಪಟ್ಟಿ ಸಲ್ಲಿಸುವುದು ಕ್ಷೇಮ. ಬೋನಸ್ ಚೀಟಿಯಲ್ಲಿಯೇ ತೆರಿಗೆಯ ಅಂದಾಜನ್ನು ನಮೂದಿಸಿದರೆ ಹಬ್ಬದ ಸಂತೋಷ ಮಾರ್ಚಿನಲ್ಲಿ ಮನಸ್ತಾಪವಾಗದು.